ಹೊಸ ಸರ್ವರ್, ಹಳೆಯ ಕಾರ್ಯಾಚರಣಾ ವ್ಯವಸ್ಥೆ: ಖರೀದಿಗೆ ಮುನ್ನ ಗಮನಿಸತಕ್ಕ ಸಂಗತಿಗಳು

(ಗ್ರಾಮ ಪಂಚಾಯತಿ ಸದಸ್ಯರ ತರಬೇತಿ ಕಾರ್ಯಾಗಾರದಲ್ಲಿ ನೀಡಲಾದ ಉಪನ್ಯಾಸದ ಪಠ್ಯ)



ಗಣಕಯಂತ್ರದ ವಿಚಾರ ಡೇಟಾ ಎಂಟ್ರಿ ಆಪರೇಟರರಿಗೆ ಸೇರಿದ್ದು, ನಮಗೇಕೆ ಎಂದು ತಮ್ಮಲ್ಲಿ ಕೆಲವರಿಗೆ ಅನ್ನಿಸಿರಬಹುದು. ಆದರೆ ಯಂತ್ರ ಕೊಳ್ಳುವ ನಿರ್ಣಯಕ್ಕೆ ಸಭೆಯಲ್ಲಿ ಒಪ್ಪಿಗೆ ನೀಡುವವರು ತಾವೇ. ಇಂದು ತಮ್ಮ ಬಹುತೇಕ ಕೆಲಸ ಪಂಚತಂತ್ರ, ಇ-ಸ್ವತ್ತು ಮುಂತಾದ ಜಾಲಾಧಾರಿತ ತಂತ್ರಾಂಶಗಳಲ್ಲಿ ನಡೆಯುತ್ತದೆ. ಅವುಗಳ ಸರ್ವರ್ ತಮ್ಮ ಕಚೇರಿಯಲ್ಲಿರುವುದಿಲ್ಲ. ಆದರೂ ಹಿಂದಿನ ವರ್ಷಗಳ ಲೆಕ್ಕಪತ್ರಗಳು ಯಾವುದೋ ಹಳೆಯ ಯಂತ್ರದಲ್ಲಿ ಉಳಿದಿರುವ ಕಚೇರಿಗಳುಂಟು. ನನ್ನ ಮಾತು ಅಂತಹ ಯಂತ್ರಗಳನ್ನು ಕುರಿತದ್ದು.

ಕೆಲವು ವರ್ಷಗಳ ಹಿಂದೆ ಒಂದು ಕಚೇರಿಯವರು ನನ್ನನ್ನು ಕರೆಸಿದ್ದರು. ಅಲ್ಲಿನ ತೆರಿಗೆ ಬೇಡಿಕೆ, ವಸೂಲಿ, ಬಾಕಿಯ ಲೆಕ್ಕಗಳೆಲ್ಲ ಒಂದು ಸ್ಥಳೀಯ ತಂತ್ರಾಂಶದಲ್ಲಿದ್ದವು. ಅದನ್ನು ಬರೆದುಕೊಟ್ಟವರು ಊರು ಬಿಟ್ಟು ಬಹುಕಾಲವಾಗಿತ್ತು. ಯಂತ್ರಕ್ಕೂ ತಂತ್ರಾಂಶಕ್ಕೂ ನಡುವೆ ನಿಂತು ಕೆಲಸ ನಡೆಸುವ ಮೂಲ ತಂತ್ರಾಂಶವನ್ನು ಕಾರ್ಯಾಚರಣಾ ವ್ಯವಸ್ಥೆ ಎನ್ನುತ್ತೇವೆ; ಆ ಕಚೇರಿಯದು 2009ರ ವಿಂಡೋಸ್ ಸರ್ವರ್ 2008 ಆರ್2. ಹಳೆಯ ಯಂತ್ರದ ಡಿಸ್ಕು ಸದ್ದು ಮಾಡತೊಡಗಿದಾಗ ಅವರು ಹೊಸ ಸರ್ವರ್ ತರಿಸಿದರು. ಅದರಲ್ಲಿ ಆ ಹಳೆಯ ವ್ಯವಸ್ಥೆಯನ್ನೇ ಅಳವಡಿಸಲು ಕುಳಿತೆವು. ಮೊದಲ ಪರದೆಯೇನೋ ಬಂದಿತು; ಕೀಲಿಮಣೆ ಒತ್ತಿದರೆ ಉತ್ತರವಿಲ್ಲ. ಹೇಗೋ ಅದನ್ನು ಸರಿಪಡಿಸಿ ಮುಂದುವರಿದರೆ, ಡಿಸ್ಕೇ ಇಲ್ಲವೆಂದು ಪರದೆ ಹೇಳಿತು. ಡಿಸ್ಕು ಕಣ್ಣೆದುರಿಗೇ ಇತ್ತು! ಮೂರು ದಿನ ಹೀಗೆಯೇ ಕಳೆಯಿತು. ಬೇಬಾಕಿ ಪತ್ರಕ್ಕೆಂದು ಬಂದವರು ಬರಿಗೈಯಲ್ಲಿ ಹಿಂದಿರುಗಿದರು. ಕೊನೆಗೆ ಸದ್ದು ಮಾಡುವ ಹಳೆಯ ಯಂತ್ರವನ್ನೇ ಮತ್ತೆ ಮೇಜಿನ ಮೇಲಿರಿಸಿದೆವು.

ಇದರಲ್ಲಿ ಯಂತ್ರದ ದೋಷವೇನೂ ಇರಲಿಲ್ಲ. ಕೀಲಿಮಣೆ ಜೋಡಿಸುವ ಯುಎಸ್‌ಬಿ 3 ಎಂಬ ಕಿಂಡಿಗೆ ಬೇಕಾದ ಡ್ರೈವರ್ 2009ರ ಆ ವ್ಯವಸ್ಥೆಯಲ್ಲಿ ಇರಲಿಲ್ಲ. ಹೊಸ ಡಿಸ್ಕು ಅನುಸರಿಸುತ್ತಿದ್ದ ಎನ್‌ವಿಎಂಇ ಮಾನದಂಡ ಪ್ರಕಟವಾದುದೇ 2011ರಲ್ಲಿ. ತಾನು ಹುಟ್ಟಿದ ಮೇಲೆ ಬಂದ ಭಾಷೆಯನ್ನು ಆ ವ್ಯವಸ್ಥೆ ಅರಿಯುವುದಾದರೂ ಹೇಗೆ? ಮುಂದೆ ಅದಕ್ಕೆ ಪ್ರತ್ಯೇಕ ತೇಪೆ ಬಂದಿತಾದರೂ, ನಮ್ಮ ಕೈಯಲ್ಲಿದ್ದ ಹಳೆಯ ಅಳವಡಿಕೆಯ ಡಿಸ್ಕಿನಲ್ಲಿ ಅದು ಇರಲಿಲ್ಲ.

ಪರಿಹಾರ ದೊರೆತದ್ದು ಬೇರೆ ದಾರಿಯಲ್ಲಿ. ಹೊಸ ಸರ್ವರಿನಲ್ಲಿ ಹೊಸ ಕಾರ್ಯಾಚರಣಾ ವ್ಯವಸ್ಥೆಯನ್ನೇ ಹಾಕಿ, ಅದರೊಳಗೆ ವರ್ಚುವಲ್ ಯಂತ್ರ ಎಂಬ ಕಲ್ಪಿತ ಗಣಕಯಂತ್ರವೊಂದನ್ನು ನಿರ್ಮಿಸಿ, ಹಳೆಯ ವ್ಯವಸ್ಥೆಯನ್ನು ಅಲ್ಲಿ ನೆಲೆಗೊಳಿಸಿದೆವು. ಹೈಪರ್-ವಿ, ಕೆವಿಎಂ ಮುಂತಾದ ತಂತ್ರಾಂಶಗಳು ಈ ಕೆಲಸ ಮಾಡುತ್ತವೆ. ಕೆವಿಎಂ ಜೊತೆ ಬಳಸುವ ಕ್ಯೂಇಎಂಯು ಎಂಬ ತಂತ್ರಾಂಶವು 1996ರ ಇಂಟೆಲ್ 440ಎಫ್ಎಕ್ಸ್ ಎಂಬ ಚಿಪ್‌ಸೆಟ್ಟಿನ ವೇಷವನ್ನು ಇಂದಿಗೂ ಧರಿಸಬಲ್ಲದು. ಹಳೆಯ ವ್ಯವಸ್ಥೆ ತಾನು ಪರಿಚಿತ ಯಂತ್ರದಲ್ಲೇ ಇದ್ದೇನೆಂದು ಭಾವಿಸಿ ಓಡುತ್ತದೆ.

ಓಡಿತೆಂದು ನಿಶ್ಚಿಂತರಾಗುವಂತಿಲ್ಲ. ಹೊಸ ಯಂತ್ರ ಬಂದ ಮಾತ್ರಕ್ಕೆ ಹಳೆಯ ವ್ಯವಸ್ಥೆಯ ಭದ್ರತಾ ದೋಷಗಳು ಮುಚ್ಚುವುದಿಲ್ಲ. ಸರ್ವರ್ 2008 ಆರ್2ಗೆ ನೀಡುತ್ತಿದ್ದ ಸಾಮಾನ್ಯ ಬೆಂಬಲ 2020ರ ಜನವರಿ 14ರಂದು, 2012 ಆರ್2ರದು 2023ರ ಅಕ್ಟೋಬರ್ 10ರಂದು ಮುಗಿದಿದೆ. 2017ರ ಮೇ 12ರಂದು ಹಬ್ಬಿದ ವನ್ನಾಕ್ರೈ ಎಂಬ ಕುತಂತ್ರಾಂಶವನ್ನು ನೆನೆಯಿರಿ. ಅದು ಬಳಸಿದ ದೋಷಕ್ಕೆ ಮಾರ್ಚ್ ತಿಂಗಳಲ್ಲೇ ತೇಪೆ ಬಂದಿತ್ತು. ಆದರೆ ಬೆಂಬಲ ಮುಗಿದಿದ್ದ ಎಕ್ಸ್‌ಪಿ, ಸರ್ವರ್ 2003ಗಳಿಗೆ ಅದು ಎಲ್ಲರಿಗೂ ದೊರೆತದ್ದು ದಾಳಿಯ ನಂತರ. ಇಂಗ್ಲೆಂಡಿನಲ್ಲಿ ಸಾರ್ವಜನಿಕ ಆಸ್ಪತ್ರೆ ಸೇವೆಯ 236 ಟ್ರಸ್ಟ್‌ಗಳ ಪೈಕಿ ಕನಿಷ್ಠ 80 ಬಾಧೆಗೊಳಗಾದವು. ಅಲ್ಲಿ ಸೋಂಕು ತಗುಲಿದವುಗಳಲ್ಲಿ ಬಹುಪಾಲು ತೇಪೆ ಹಾಕದೆ ಬಿಟ್ಟಿದ್ದ ವಿಂಡೋಸ್ 7 ಯಂತ್ರಗಳೆಂಬುದನ್ನೂ ಹೇಳಬೇಕು. ಬೆಂಬಲವಿದ್ದೂ ಬಳಸಿಕೊಳ್ಳದಿದ್ದವರ ಗತಿ ಅದಾದರೆ, ಬೆಂಬಲವೇ ಇಲ್ಲದವರದು ಹೇಗಿರಬೇಡ! ಆದುದರಿಂದ ಹಳೆಯ ವ್ಯವಸ್ಥೆಯುಳ್ಳ ವರ್ಚುವಲ್ ಯಂತ್ರಕ್ಕೆ ಅಂತರ್ಜಾಲದ ಸಂಪರ್ಕ ಕೂಡದು. ಅದರ ಬ್ಯಾಕಪ್ ಪ್ರತಿಯನ್ನು ಬೇರೆಡೆ ಇರಿಸತಕ್ಕದ್ದು. ಆ ಪ್ರತಿಯಿಂದ ದಾಖಲೆ ಮರಳಿ ಬರುವುದೇ ಎಂದು ಪರೀಕ್ಷಿಸಿಯೂ ನೋಡತಕ್ಕದ್ದು.

ಹಾಗಾದರೆ ದಾಖಲೆಗಳನ್ನು ಹೊಸ ತಂತ್ರಾಂಶಕ್ಕೆ ವರ್ಗಾಯಿಸಿಬಿಡಬಾರದೇ? ವರ್ಗಾಯಿಸಲೇಬೇಕು. ಆದರೆ ಕನ್ನಡದ ಮಟ್ಟಿಗೆ ಇಲ್ಲೊಂದು ತೊಡಕಿದೆ, ಅದಕ್ಕೆ ಅವಸರ ಸಲ್ಲದು. ಹಿಂದೆ ನುಡಿ ಮುಂತಾದ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿ ದಾಖಲಿಸಿದ ಪಠ್ಯ ಯೂನಿಕೋಡ್ ಅಲ್ಲ. ಅದರಲ್ಲಿ ಅರ್ಕಾವತ್ತು ಅಕ್ಷರದ ನಂತರ ಬರುತ್ತದೆ. ಯೂನಿಕೋಡಿನಲ್ಲಿ ಅರ್ಧ ರಕಾರ ಮೊದಲು ಬರಬೇಕು. ಪರಿವರ್ತಕ ಎಡವಿದರೆ ದುರ್ಗಮ್ಮ ಎಂಬ ಹೆಸರು ದುಗರ್ಮ್ಮ ಆಗುತ್ತದೆ, ಧರ್ಮಪ್ಪ ಧಮರ್ಪ್ಪ ಆಗುತ್ತದೆ. ಓದುವವರಿಗೆ ನಗು ಬರಬಹುದು. ಆದರೆ ಹೊಸ ತಂತ್ರಾಂಶದಲ್ಲಿ ದುರ್ಗಮ್ಮ ಎಂದು ಹುಡುಕಿದರೆ ಆಕೆಯ ಮನೆಯೂ ಸಿಗುವುದಿಲ್ಲ, ಕಟ್ಟಿದ ತೆರಿಗೆಯೂ ಸಿಗುವುದಿಲ್ಲ. ಮೇಲೆ ಹೇಳಿದ ಕಚೇರಿಯಲ್ಲಿ ಹಳೆಯ ಮುದ್ರಿತ ವಹಿಯೊಂದಿಗೆ ಒಂದೊಂದೇ ಹೆಸರನ್ನು ತಾಳೆ ನೋಡಿದೆವು. ಅಲ್ಲಿಯವರೆಗೂ ವರ್ಚುವಲ್ ಯಂತ್ರ ಓಡುತ್ತಲೇ ಇತ್ತು.

ಸರ್ವರ್ ಖರೀದಿಯ ವಿಷಯ ಸಭೆಗೆ ಬಂದಾಗ, ಇದರಲ್ಲಿ ಯಾವ ಕಾರ್ಯಾಚರಣಾ ವ್ಯವಸ್ಥೆ ಓಡುವುದು, ಅದಕ್ಕೆ ಬೆಂಬಲ ಎಂದಿನವರೆಗೆ ಇದೆ ಎಂದು ತಾವು ಕೇಳಬೇಕು. ಉತ್ತರವನ್ನು ನಡವಳಿ ಪುಸ್ತಕದಲ್ಲಿ ಬರೆಸಬೇಕು. ಹಳೆಯದನ್ನು ಉಳಿಸಿಕೊಳ್ಳುವುದು ಅನಿವಾರ್ಯವೆಂದರೆ, ಅದನ್ನು ಮುಚ್ಚುವ ದಿನಾಂಕವನ್ನೂ, ಹೆಸರುಗಳನ್ನು ತಾಳೆ ನೋಡುವ ನೌಕರರ ಹೊಣೆಯನ್ನೂ ಅದೇ ನಿರ್ಣಯದಲ್ಲಿ ಸೇರಿಸಬೇಕು. ಹಳೆಯ ಯಂತ್ರವನ್ನು ಗುಜರಿಗೆ ಹಾಕುವ ಅವಸರವನ್ನಂತೂ ಯಾರೂ ಮಾಡಬಾರದು.

ಊಟದ ವಿರಾಮದ ನಂತರ, ಹಳೆಯ ಅಕ್ಷರಶೈಲಿಯ ಒಂದು ಪುಟವನ್ನು ಪರಿವರ್ತಿಸಿ ತಮ್ಮೆದುರಿಗೇ ತೋರಿಸಲಿದ್ದೇನೆ.