ಒಂದು ಪೆನ್ನಿಯ ಪ್ರೇಮಗೀತೆ

೧೭ನೆಯ ಶತಮಾನದ ಲಂಡನ್ನಿನಲ್ಲಿ ಒಂದು ಪೆನ್ನಿಗೆ ಒಂದು ಹಾಡು ದೊರೆಯುತ್ತಿತ್ತು. ಕಾಗದದ ಒಂದೇ ಮಗ್ಗುಲಿಗೆ ಅಚ್ಚಾದ ಪದ್ಯ. ಮೇಲೆ ಮರದಚ್ಚಿನ ಒಂದೆರಡು ಚಿತ್ರ. ಇಂಥ ಮಟ್ಟಿನಲ್ಲಿ ಹಾಡಿಕೊಳ್ಳಿರೆಂಬ ಸೂಚನೆ. ಇವೇ ಬ್ರಾಡ್‌ಸೈಡ್ ಲಾವಣಿಗಳು. ಮಾರುವವರು ಹಾಡುತ್ತಲೇ ಇವನ್ನು ಊರೂರಿಗೆ ಒಯ್ದರು. ಕೊಂಡವರು ಗೋಡೆಗೆ ಅಂಟಿಸಿಕೊಂಡರು. ಹರಿದು ಹಾಳಾಗಬೇಕಾಗಿದ್ದ ಇಂಥ ಹಾಳೆಗಳಲ್ಲಿ ೧,೮೦೦ಕ್ಕೂ ಮಿಕ್ಕು ದಿನಚರಿಕಾರ ಸ್ಯಾಮ್ಯುಯೆಲ್ ಪೀಪ್ಸನ ಸಂಗ್ರಹದಲ್ಲಿ ಉಳಿದವು. ಕೇಂಬ್ರಿಜ್ಜಿನ ಮಾಡ್ಲಿನ್ ಕಾಲೇಜಿನಲ್ಲಿ ಅವನ್ನು ಇಂದಿಗೂ ಕಾಣಬಹುದು.

ಆ ಸಂಗ್ರಹದಲ್ಲೊಂದು ‘ಇಸ್ಲಿಂಗ್ಟನ್ನಿನ ಬೇಲಿಫನ ಮಗಳು’. ಬೇಲಿಫನೆಂದರೆ ನಮ್ಮ ಪಾರುಪತ್ಯಗಾರನಂಥವನು. ಅವನ ಮಗಳನ್ನು ಸಿರಿವಂತರ ಮನೆಯ ತರುಣನೊಬ್ಬ ಒಲಿದ. ಆಕೆ ಬಿಂಕದಿಂದ ದೂರ ಸರಿದಳು. ಬಂಧುಗಳು ಅವನನ್ನು ಕಸಬು ಕಲಿಯಲು ಲಂಡನ್ನಿಗೆ ಅಟ್ಟಿದರು. ಏಳು ವರ್ಷ ಅವಳ ಮುಖದರ್ಶನವಿಲ್ಲ. ಕಡೆಗೆ ಅವಳೇ ಹರಕು ಬಟ್ಟೆಯುಟ್ಟು ಅವನನ್ನರಸುತ್ತ ಹೊರಟಳು. ದಾರಿಯಲ್ಲಿ ಕುದುರೆಯೇರಿ ಬಂದವನನ್ನು ತಡೆದು ಒಂದು ಪೆನ್ನಿ ಬೇಡಿದಳು. ಗುರುತು ಹತ್ತದ ಅವನು ಇಸ್ಲಿಂಗ್ಟನ್ನಿನ ಆ ಹುಡುಗಿಯ ಕುಶಲ ಕೇಳಿದ. ಸತ್ತು ಬಹುಕಾಲವಾಯಿತೆಂದಳು. ಹಾಗಾದರೆ ಯಾರೂ ತನ್ನನ್ನರಿಯದ ದೂರದೇಶಕ್ಕೆ ಹೋಗಿಬಿಡುವೆನೆಂದ. ಆಗ ಅವಳು ತಾನಾರೆಂಬುದನ್ನು ತೋರಿಕೊಟ್ಟಳು.

ಈ ಏಳು ವರ್ಷ ಅಡುಗೂಲಜ್ಜಿಯ ಕಥೆಯ ಲೆಕ್ಕವಲ್ಲ. ೧೫೬೩ರ ಶಾಸನವೊಂದು ಕಸಬಿನ ಶಿಷ್ಯವೃತ್ತಿಗೆ ಕನಿಷ್ಠ ಏಳು ವರ್ಷವನ್ನು ವಿಧಿಸಿತ್ತು. ಆ ಅವಧಿಯಲ್ಲಿ ಮದುವೆಯಾಗಕೂಡದೆಂಬುದು ಕರಾರುಪತ್ರದ ಷರತ್ತು. ಆ ಕಾಲದ ಸಾಮಾನ್ಯ ಜನ ಮದುವೆಯಾಗುತ್ತಿದ್ದುದು ಇಪ್ಪತ್ತೈದರ ಆಚೀಚೆ. ಹಾಡನ್ನು ಕೇಳಿದವರಲ್ಲಿ ಇಂಥ ಶಿಷ್ಯರೂ ಮನೆಗೆಲಸದ ಹೆಣ್ಣುಮಕ್ಕಳೂ ಇದ್ದರು. ಕಾಯುವುದು ಅವರಿಗೆ ಕಾವ್ಯದ ಅಲಂಕಾರವಾಗಿರಲಿಲ್ಲ, ದಿನದಿನದ ಬಾಳಾಗಿತ್ತು.

ಇಂಥ ಲಾವಣಿಗಳು ಎಷ್ಟೋ ಇವೆ. ಹಲವುಗಳಲ್ಲಿ ಮರಳಿ ಬಂದ ಗಂಡಸು ಮಾರುವೇಷದಲ್ಲಿ ಹೆಣ್ಣಿನ ನಿಷ್ಠೆಯನ್ನು ಒರೆಗೆ ಹಚ್ಚುತ್ತಾನೆ. ಇಲ್ಲಿ ಪರೀಕ್ಷೆ ಮಾಡುವವಳು ಹೆಣ್ಣು. ಅವಳಾಡಿದ ಸುಳ್ಳು ಕ್ರೂರವೆಂದು ನಮಗೆ ತೋರಬಹುದು. ಆದರೆ ಅವನ ಅಂತಸ್ತನ್ನು ನೆನೆಯಿರಿ. ಸಿರಿವಂತನ ಮಗ, ಈಗ ಕಸಬನ್ನೂ ಕಲಿತವನು. ಪಾರುಪತ್ಯಗಾರನ ಮಗಳನ್ನು ಮರೆತಿದ್ದರೂ ಅವನನ್ನು ಕೇಳುವವರಿರಲಿಲ್ಲ. ನೇರವಾಗಿ ಕೇಳಿದ್ದರೆ ಸೌಜನ್ಯದ ಮಾತೊಂದು ಬರುತ್ತಿತ್ತು, ಮನಸ್ಸು ತಿಳಿಯುತ್ತಿರಲಿಲ್ಲ. ಭಿಕ್ಷುಕಿಯೆದುರು ಅವನು ನಟಿಸಬೇಕಾದ ಕಾರಣವಿಲ್ಲ. ಒಮ್ಮೆ ಬಿಂಕ ತೋರಿದವಳು ಬಿಸಿಲಿನ ದಾರಿಯಲ್ಲಿ ನಡೆದು ಬಂದು ಕೈಯೊಡ್ಡಿದ್ದಾಳೆಂಬುದನ್ನೂ ಮರೆಯುವಂತಿಲ್ಲ. ಅವಳು ಬೇಡಿದ್ದು ಒಂದೇ ಪೆನ್ನಿ. ಆ ಹಾಡನ್ನು ಕೊಂಡ ಶಿಷ್ಯನ ಕೈಯಿಂದ ಹೋದದ್ದೂ ಅಷ್ಟೆ.