ಕಡಲ ಗಾಳಿಯೂ ಕಾಫಿಯೂ

ಕಾಫಿಯ ವಿಷಯವಾಗಿ ಮಾತನಾಡಲು ಕುಮಟೆಯವನಿಗೆ ಏನು ಅಧಿಕಾರವೆಂದು ಚಿಕ್ಕಮಗಳೂರಿನ ಕಡೆಯ ಶ್ರೋತೃಗಳು ಕೇಳಬಹುದು. ಕೇಳುವುದು ನ್ಯಾಯವೇ. ಭಟ್ಕಳ, ಹೊನ್ನಾವರ, ಕುಮಟೆ ಈ ಮೂರೂ ಕಡಲಿಗೆ ಮುಖಮಾಡಿ ಕುಳಿತ ಊರುಗಳು. ಇಲ್ಲಿ ತೆಂಗುಂಟು, ಭತ್ತವುಂಟು, ಕಾಫಿಯ ತೋಟವಿಲ್ಲ. ಘಟ್ಟವನ್ನೇರಿ ಶಿರಸಿ ಸಿದ್ದಾಪುರಗಳ ಅಡಕೆ ತೋಟಗಳನ್ನು ಹೊಕ್ಕರೆ ಅಲ್ಲಲ್ಲಿ ನಾಲ್ಕು ಗಿಡಗಳು ಕಂಡಾವು, ಅಷ್ಟೆ. ಆದರೆ ಅರಬಸ್ಥಾನದ ಮೋಚಾ ರೇವಿನಲ್ಲಿ ತಾನೆ ಕಾಫಿ ಎಲ್ಲಿ ಬೆಳೆಯುತ್ತಿತ್ತು? ಯೆಮೆನ್ನಿನ ಬೆಟ್ಟಗಳಲ್ಲಿ ಬೆಳೆದ ಬೀಜವು ಆ ರೇವಿನಲ್ಲಿ ಹಡಗೇರಿದ ಕಾರಣಕ್ಕೆ ಕಾಫಿಗೇ ಅದರ ಹೆಸರು ನಿಂತಿತು. ನಮ್ಮ ಕುಮಟೆಯದೂ ಇದೇ ಕಥೆ. ಧಾರವಾಡ ಸೀಮೆಯ ಹತ್ತಿಯು ಎತ್ತಿನ ಬೆನ್ನೇರಿ ಘಟ್ಟವಿಳಿದು ಇಲ್ಲಿಂದ ಮುಂಬಯಿಗೆ ಹೋಗುತ್ತಿದ್ದುದರಿಂದ ವಿಲಾಯತಿಯ ಪೇಟೆಯಲ್ಲಿ ಅದು ಕುಮಟೆಯ ಹತ್ತಿಯೆಂದೇ ಹೆಸರಾಯಿತು. ರೈಲು ಬಂದು ಹತ್ತಿಯನ್ನು ಮಾರ್ಮಗೋವೆಗೆ ತಿರುಗಿಸಿದ ಮೇಲೆ ನಮಗುಳಿದದ್ದು ಹೆಸರು ಮಾತ್ರ.

ಭಟ್ಕಳದ ಮಾತು ಇನ್ನೂ ವಿಚಿತ್ರವಾದದ್ದು. 1516ರ ಸುಮಾರಿಗೆ ಪೋರ್ತುಗೀಸನಾದ ದುವಾರ್ತೆ ಬಾರ್ಬೋಸನು ಈ ರೇವನ್ನು ವರ್ಣಿಸುತ್ತ, ಹೊರಮುಜಿನ ಹಡಗುಗಳು ಕುದುರೆಗಳನ್ನೂ ಮುತ್ತುಗಳನ್ನೂ ತಂದಿಳಿಸಿ ಅಕ್ಕಿ, ಸಕ್ಕರೆ, ಕಬ್ಬಿಣಗಳನ್ನು ತುಂಬಿಕೊಂಡು ಹೋಗುತ್ತಿದ್ದುದನ್ನು ಹೇಳಿದ್ದಾನೆ. ಅದಕ್ಕೆ ತುಸು ಮೊದಲು, 1511ರಲ್ಲಿ, ಖೈರ್ ಬೇಗನೆಂಬ ಅಧಿಕಾರಿಯು ಮೆಕ್ಕೆಯಲ್ಲಿ ಕಾಫಿ ಕುಡಿಯಕೂಡದೆಂದು ಕಟ್ಟು ಮಾಡಿದ್ದನು. ಎಂದರೆ, ಕಡಲಿನ ಆಚೆಯ ದಡದಲ್ಲಿ ಜನರು ಕಾಫಿಗಾಗಿ ಜಗಳವಾಡುತ್ತಿದ್ದ ಕಾಲದಲ್ಲಿ ಈಚೆಯ ದಡದ ಸರಕುಗಳಲ್ಲಿ ಅದರ ಹೆಸರಿಲ್ಲ. ಮುಂದೆ 17ನೆಯ ಶತಮಾನದಲ್ಲಿ ಬಾಬಾ ಬುಡನ್ ಅವರು ಏಳು ಬೀಜಗಳನ್ನು ತಂದರೆಂಬ ಐತಿಹ್ಯವು ಎಲ್ಲರಿಗೂ ತಿಳಿದದ್ದೇ.

ನಾನು ಹುಡುಗನಾಗಿದ್ದಾಗ ನಮ್ಮ ಮನೆಯಲ್ಲಿ ಕಾಫಿಯು ಅಪರೂಪದ ವಸ್ತು. ನಿತ್ಯದ ಪಾನವೆಂದರೆ ಕಷಾಯ: ಕೊತ್ತಂಬರಿ, ಜೀರಿಗೆ, ಮೆಂತ್ಯ, ಕಾಳುಮೆಣಸುಗಳನ್ನು ಹುರಿದು ಕುಟ್ಟಿದ ಪುಡಿಯನ್ನು ಬೆಲ್ಲದ ನೀರಿನಲ್ಲಿ ಕುದಿಸಿ ಹಾಲು ಬೆರಸಿದ್ದು. ಬಂದವರಿಗೆ ಮೊದಲು ಬೆಲ್ಲ, ನೀರು, ಆಮೇಲೆ "ಆಸರಿಗೆ ಏನು?" ಎಂಬ ಪ್ರಶ್ನೆ. ಘಟ್ಟದ ಮೇಲಿನ ನಂಟರಾದರೆ ಮಾತ್ರ ಅಜ್ಜಿಯು ಕಾಫಿಯ ಡಬ್ಬಿಯನ್ನು ಇಳಿಸುವಳು. ಅದನ್ನೂ ಕಷಾಯದ ಕ್ರಮದಲ್ಲಿಯೇ ಬೆಲ್ಲದೊಡನೆ ಕುದಿಸಿ ಬಟ್ಟೆಯಲ್ಲಿ ಸೋಸುವಳು. ಮೈಸೂರಿಗೆ ಓದಲು ಹೋದ ನಾನು ಹಿತ್ತಾಳೆಯ ಫಿಲ್ಟರಿನಿಂದ ತೊಟ್ಟಿಕ್ಕಿದ ಡಿಕಾಕ್ಷನ್ನಿನ ರುಚಿ ಕಂಡು, ರಜಕ್ಕೆ ಬಂದಾಗ, "ಇದು ಕಾಫಿಯಲ್ಲ, ಕಷಾಯ" ಎಂದು ಅಜ್ಜಿಯ ಮುಂದೆ ಪಾಂಡಿತ್ಯ ಮೆರೆದೆನು. ಡಿಕಾಕ್ಷನ್ ಎಂಬುದನ್ನು ಕನ್ನಡಿಸಿದರೆ ಕಷಾಯವೆಂದೇ ಆಗುತ್ತದೆಂಬುದು ನನಗೆ ಹೊಳೆದದ್ದು ಇಂಗ್ಲಿಷಿನಲ್ಲಿ ಎಂ.ಎ. ಮುಗಿಸಿದ ಎಷ್ಟೋ ವರ್ಷಗಳ ಮೇಲೆ.

ಆ ಡಬ್ಬಿಗೆ ಪುಡಿ ಬರುತ್ತಿದ್ದುದು ಕುಮಟೆಯ ಪೇಟೆಯಲ್ಲಿದ್ದ ನನ್ನ ಸೋದರಮಾವನವರ ಅಂಗಡಿಯಿಂದ. ಅವರು ಅಂಗಡಿ ತೆರೆದ ದಿನಗಳಲ್ಲಿ ಬೆಳೆಗಾರರು ಬೆಳೆಯನ್ನೆಲ್ಲ ಕಾಫಿ ಮಂಡಲಿಯ ಪೂಲಿಗೆ ಒಪ್ಪಿಸಬೇಕಾಗಿತ್ತು. ವರ್ತಕನು ಮಂಡಲಿಯ ಹರಾಜಿನ ಮಾಲನ್ನೇ ನೆಚ್ಚಬೇಕಾಗಿತ್ತು. 1992ರಿಂದ ಸಡಿಲುತ್ತ ಬಂದ ಆ ಕಟ್ಟು 1996ರಲ್ಲಿ ತೀರ ತೆರವಾದ ಮೇಲೆ ಮಾವನವರು ಮೂಡಿಗೆರೆಯ ಕಡೆಗೆ ತಾವೇ ಹೋಗಿ, ಬೀಜವನ್ನು ಹಲ್ಲಿನಲ್ಲಿ ಕಚ್ಚಿ ನೋಡಿ ತರತೊಡಗಿದರು. ಹುರಿಯುವಾಗ ಅವರು ಗಡಿಯಾರ ನೋಡಿದವರಲ್ಲ. ಹಸುರು ಬೀಜವು ಹುಲ್ಲಿನ ಬಣ್ಣಕ್ಕೆ ತಿರುಗಿ, ಕಂದಾಗಿ, ಚಟಚಟನೆ ಸಿಡಿಯುವ ಸದ್ದಿಗೆ ಕಿವಿಗೊಟ್ಟು ಉರಿ ತಗ್ಗಿಸುತ್ತಿದ್ದರು. ಆ ವೇಳೆಯಲ್ಲಿ ಸ್ವಂತ ಸೋದರಳಿಯನು ಬಂದು ನಿಂತರೂ ಅವರಿಗೆ ಬೇಡ.

ಅವರ ಹಗೆಯೆಂದರೆ ಗಾಳಿ. ಜೂನ್ ಹತ್ತಿರವಾಗುತ್ತಲೇ ನಮ್ಮ ಕರಾವಳಿಯಲ್ಲಿ ಉಪ್ಪು ನೀರೊಡೆಯುತ್ತದೆ, ಪುಸ್ತಕಗಳಿಗೆ ಬೂಷ್ಟು ಬರುತ್ತದೆ, ಕಾಫಿಯ ಪುಡಿ ಹೆಂಟೆಗಟ್ಟುತ್ತದೆ. ಆದುದರಿಂದ ಮಳೆಗಾಲದಲ್ಲಿ ಕಾಲು ಕಿಲೋಗಿಂತ ಹೆಚ್ಚು ಮಾರಕೂಡದೆಂದು ಅವರ ನೇಮ. "ತಂಗೀ, ಕಾಲು ಕಿಲೋ ಸಾಕು. ತೀರಿದ ಮೇಲೆ ಮತ್ತೆ ಬಾ" ಎಂದು ಅವರೆಂದರೆ, ಗೋಕರ್ಣದ ಕಡೆಯಿಂದ ಬಸ್ಸಿನಲ್ಲಿ ಬಂದಾಕೆ, "ಬಸ್ಸಿನ ದುಡ್ಡು ನೀವು ಕೊಡ್ತ್ರಾ?" ಎಂದು ಪಕ್ಕದ ಅಂಗಡಿಗೆ ನಡೆದದ್ದನ್ನು ನಾನೇ ನೋಡಿದ್ದೇನೆ.

ಇದೇ ಗಾಳಿಯನ್ನು ಮಂಗಳೂರಿನವರು ಲಾಭಕ್ಕೆ ತಿರುಗಿಸಿಕೊಂಡಿದ್ದಾರೆ. ಹಿಂದೆ ಹಾಯಿಹಡಗುಗಳು ಆಫ್ರಿಕದ ತುದಿಯನ್ನು ಬಳಸಿ ಯೂರೋಪು ಸೇರಲು ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ಕಡಲ ತೇವವನ್ನು ಕುಡಿದ ಬೀಜವು ಉಬ್ಬಿ, ಬಣ್ಣಗೆಟ್ಟು, ಹುಳಿ ಕಳೆದುಕೊಳ್ಳುತ್ತಿತ್ತು. ಅಲ್ಲಿಯ ಜನಕ್ಕೆ ಆ ರುಚಿಯೇ ಅಭ್ಯಾಸವಾಯಿತು. 1869ರಲ್ಲಿ ಸೂಯೆಜ್ ಕಾಲುವೆ ತೆರೆದು, ಉಗಿಹಡಗುಗಳು ಬೇಗ ಮುಟ್ಟತೊಡಗಿದಾಗ ಬೀಜ ಕೆಡದೆ ಹೋಯಿತು; ಕೆಡಲಿಲ್ಲವೆಂದು ಕೊಳ್ಳುವವರಿಗೆ ಅಸಮಾಧಾನ! ಆಗ ಹಡಗು ಮಾಡುತ್ತಿದ್ದ ಕೆಲಸವನ್ನು ದಡದ ಮೇಲೆಯೇ ಮಾಡಬೇಕಾಯಿತು. ಗೋದಾಮಿನ ಬಾಗಿಲುಗಳನ್ನು ಮುಂಗಾರಿಗೆ ತೆರೆದಿಟ್ಟು, ಬೀಜವನ್ನು ನೆಲದ ಮೇಲೆ ಹರವಿ, ಕೆದಕಿ, ಚೀಲಗಳಲ್ಲಿ ಸಡಿಲವಾಗಿ ತುಂಬಿ, ಮತ್ತೆ ಸುರಿದು ಮತ್ತೆ ತುಂಬಿ, ಮೂರು ನಾಲ್ಕು ತಿಂಗಳಲ್ಲಿ ಅದನ್ನು ಹೊಂಬಣ್ಣಕ್ಕೆ ತರುತ್ತಾರೆ. ಉಬ್ಬದ ಕಾಳುಗಳನ್ನು ಹೆಂಗಸರು ಕೈಯಿಂದ ಆರಿಸಿ ತೆಗೆಯುತ್ತಾರೆ. 'ಮಾನ್ಸೂನ್ಡ್ ಮಲಬಾರ್' ಎಂಬ ಈ ಕಾಫಿಗೆ 2008ರಲ್ಲಿ ಭೌಗೋಳಿಕ ಗುರುತೂ ದೊರೆಯಿತು. ಒಮ್ಮೆ ಅದನ್ನು ನೋಡಿ ಬಂದ ಮಾವನವರು, "ನಾನು ಬಾಗಿಲು ಮುಚ್ಚಿ ಕೂರುವ ದಿನಗಳಲ್ಲಿ ಅವರು ಬಾಗಿಲು ತೆಗೆದು ಕೂತಿದ್ದಾರಲ್ಲೋ" ಎಂದು ಬಹಳ ಹೊತ್ತು ನಕ್ಕರು. ಹಸಿಯ ಬೀಜ ತಡೆದೀತು. ಹುರಿದು ಪುಡಿಮಾಡಿದ್ದು ತಡೆಯದು.

ನಗೆ ನಿಂತದ್ದು 2024ರಲ್ಲಿ. ವಿಯೆಟ್ನಾಮ್, ಬ್ರೆಜಿಲ್ ದೇಶಗಳಲ್ಲಿ ಮಳೆ ಕೈಕೊಟ್ಟು ಜಗತ್ತಿನ ಪೇಟೆಯಲ್ಲೆಲ್ಲ ಕಾಫಿಯ ಬೆಲೆಯೇರಿತು. ತೋಟದವರಿಗೆ ಸುಗ್ಗಿ; ಕುಮಟೆಯ ಅಂಗಡಿಯಲ್ಲಿ ಸಂಕಟ. ಗಿರಾಕಿಗಳು ಹೆಚ್ಚಿನ ದರ ಕೊಡಲೊಲ್ಲರು. ಮಾವನವರ ಮಗನು ಚಿಕೋರಿಯನ್ನು 20ರಿಂದ 40ಕ್ಕೆ ಏರಿಸೋಣವೆಂದನು. ಚಿಕೋರಿಯು ಒಂದು ಬೇರು. ಹುರಿದರೆ ಬಣ್ಣವನ್ನೂ ಕಹಿಯನ್ನೂ ಮಂದವನ್ನೂ ಕೊಡುತ್ತದೆ, ಕಾಫಿಯ ಚೇತನ ಅದರಲ್ಲಿಲ್ಲ. ಮಿಶ್ರಣದಲ್ಲಿ ನೂರಕ್ಕೆ 51ರಷ್ಟಾದರೂ ಕಾಫಿ ಇರಬೇಕೆಂದೂ ಪ್ರಮಾಣವನ್ನು ಪೊಟ್ಟಣದ ಮೇಲೆ ಕಾಣಿಸಬೇಕೆಂದೂ ಕಾಯಿದೆಯುಂಟು. ಆದ್ದರಿಂದ ಹುಡುಗನ ಮಾತು ಅಕ್ರಮವೇನಲ್ಲ. ಮನೆ ನಡೆಯಬೇಕು, ಅವನ ಮಕ್ಕಳು ಓದಬೇಕು. ಆದರೆ ಚಿಕೋರಿಯು ಕಾಫಿಗಿಂತ ಬೇಗ ತೇವ ಹೀರುತ್ತದೆ. ಮಳೆಗಾಲದಲ್ಲಿ ಎಂಟು ದಿನಕ್ಕೆ ಕಲ್ಲಾದ ಪುಡಿಯನ್ನು ಜನ ತಂದು ತಮ್ಮ ಮುಂದೆ ಇಟ್ಟಾರೆಂದು ತಂದೆಯ ಹಠ. ಒಂದು ತಿಂಗಳು ತಂದೆ ಮಕ್ಕಳು ಊಟದ ಎಲೆಯ ಮುಂದೆಯೂ ಮಾತನಾಡಲಿಲ್ಲ. ಮಧ್ಯಸ್ಥಿಕೆಗೆಂದು ಹೋದ ನಾನು ಇಬ್ಬರಿಂದಲೂ ಬೈಸಿಕೊಂಡು ಬಂದೆನು.

ಕೊನೆಗೆ ಆದ ಏರ್ಪಾಡು ಇದು. ಬೇಸಗೆಯಲ್ಲಿ 30ರ ಮಿಶ್ರಣ. ಅಂಕೆಯನ್ನು ಪೊಟ್ಟಣದ ಮೇಲೆ ದೊಡ್ಡದಾಗಿ ಅಚ್ಚುಹಾಕಿಸಿದವರು ಮಾವನವರು. ಮಳೆಗಾಲದಲ್ಲಿ ಕಾಫಿಯೇ ಬೇರೆ, ಚಿಕೋರಿಯೇ ಬೇರೆ. ಬೇಕಾದವರು ಬೇಕಾದಷ್ಟು ಮನೆಯಲ್ಲಿಯೇ ಬೆರಸಿಕೊಳ್ಳಬೇಕು. ಮೊದಲ ವರ್ಷ ಗಿರಾಕಿಗಳು ಕಡಮೆಯಾದರು. ಕೆಲವರು ಮರಳಿದ್ದಾರೆ, ಕೆಲವರು ಮರಳಿಲ್ಲ. ಈ ಸಲ ನಮ್ಮ ಮನೆಗೆ ಎರಡು ಪೊಟ್ಟಣಗಳೂ ಬಂದಿವೆ. ಚಿಕೋರಿಯದನ್ನು ಇನ್ನೂ ಒಡೆದಿಲ್ಲ.