ಸಣ್ಣ ಕಂಪನಿಯ ಷೇರೋ, ದೊಡ್ಡ ಕಂಪನಿಯ ಷೇರೋ?

(ಬೆಳ್ಳಿಹಬ್ಬದ ಅಂಗವಾಗಿ ನಡೆದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ಸಹಕಾರ ಸಂಘದ ಸಭೆಯಲ್ಲಿ ಷೇರು ಪೇಟೆಯ ಮಾತೇಕೆ ಎಂದು ಕೆಲವರಿಗೆ ಅನಿಸಬಹುದು. ನಮ್ಮ ಸಂಘದ ನೂರು ರೂಪಾಯಿ ಷೇರು ಇಪ್ಪತ್ತೈದು ವರ್ಷ ಕಳೆದರೂ ನೂರೇ. ಎಷ್ಟು ಷೇರಿದ್ದರೂ ಒಬ್ಬ ಸದಸ್ಯನಿಗೆ ಒಂದೇ ಮತ. ಕಂಪನಿಯಲ್ಲಿ ಹಾಗಲ್ಲ, ಷೇರಿಗೊಂದು ಮತ, ದಿನಕ್ಕೊಂದು ಬೆಲೆ. ಆದರೂ ಈಗ ನಮ್ಮ ಹುಡುಗರ ಮೊಬೈಲಿನಲ್ಲೇ ಡಿಮ್ಯಾಟ್ ಖಾತೆ ಬಂದು ಕೂತಿದೆ. ಬೆಳೆ ಮಾರಿದ ದುಡ್ಡು, ಜಮೀನಿನ ಪರಿಹಾರದ ದುಡ್ಡು ಆ ಕಡೆ ಹರಿಯುತ್ತಿದೆ. ಸುಮ್ಮನಿರುವುದು ಸರಿಯಲ್ಲ ಅಂತ ನಾವು ಈ ವಿಷಯ ಎತ್ತಿಕೊಂಡಿದ್ದೇವೆ.

ಮೊದಲಿಗೆ ಒಂದು ತಪ್ಪು ತಿಳಿವಳಿಕೆ ಹೋಗಬೇಕು. ಷೇರಿನ ಬೆಲೆ ಕಡಿಮೆ ಇದ್ದರೆ ಕಂಪನಿ ಸಣ್ಣದು ಅಂತಲ್ಲ. 2023ರ ಜೂನ್‌ನಲ್ಲಿ ಟೈರು ಮಾಡುವ ಎಂ.ಆರ್.ಎಫ್. ಕಂಪನಿಯ ಒಂದು ಷೇರು 1 ಲಕ್ಷ ರೂಪಾಯಿ ಮುಟ್ಟಿತು. ಆಗ ರಿಲಯನ್ಸ್ ಷೇರು ಸುಮಾರು 2,500 ರೂಪಾಯಿ. ಹಾಗಿದ್ದೂ ರಿಲಯನ್ಸೇ ಎಷ್ಟೋ ಪಟ್ಟು ದೊಡ್ಡದು, ಯಾಕೆಂದರೆ ಎಂ.ಆರ್.ಎಫ್.ನ ಷೇರುಗಳು 42 ಲಕ್ಷ ಚಿಲ್ಲರೆ, ರಿಲಯನ್ಸಿನವು ನೂರಾರು ಕೋಟಿ. ಬೆಲೆಯನ್ನು ಷೇರಿನ ಸಂಖ್ಯೆಯಿಂದ ಗುಣಿಸಿ ನೋಡಬೇಕು. ಸೆಬಿ 2017ರಲ್ಲಿ ಮ್ಯೂಚುಯಲ್ ಫಂಡುಗಳಿಗೆ ಮಾಡಿದ ಲೆಕ್ಕ ಇದೇ: ಆ ಮೊತ್ತದಲ್ಲಿ ಮೊದಲ 100 ಕಂಪನಿ ದೊಡ್ಡವು, 101ರಿಂದ 250 ಮಧ್ಯಮ, 251ರಿಂದಾಚೆಗೆಲ್ಲ ಸಣ್ಣವು.

ಸಣ್ಣದರ ಆಸೆ ಸುಳ್ಳಲ್ಲ. 1993ರಲ್ಲಿ ನಮ್ಮ ಬೆಂಗಳೂರಿನ ಇನ್ಫೋಸಿಸ್ 95 ರೂಪಾಯಿಗೆ ಷೇರು ಕೊಡುತ್ತೇವೆ ಅಂದಾಗ ಕೇಳುವವರೇ ಸಾಕಷ್ಟು ಇರಲಿಲ್ಲ. ಅಂದು ತಗೊಂಡು ಬಿಡದೆ ಇಟ್ಟುಕೊಂಡವರಿಗೆ ಬೋನಸ್ ಮೇಲೆ ಬೋನಸ್ ಬಂದು ಸಾವಿರಗಳು ಕೋಟಿಗಳಾದವು. ಈ ಕಥೆ ಎಲ್ಲರಿಗೂ ಗೊತ್ತು. ಅದೇ ತೊಂಬತ್ತರ ದಶಕದಲ್ಲಿ ಜನರ ಹತ್ತಿರ ದುಡ್ಡೆತ್ತಿ, ಆಮೇಲೆ ವಿಳಾಸಕ್ಕೂ ಸಿಗದೆ ಮಾಯವಾದ ಕಂಪನಿಗಳ ಪಟ್ಟಿಯನ್ನು ಸರ್ಕಾರವೇ ಮಾಡಬೇಕಾಯಿತು. ಆ ಕಥೆಯನ್ನು ಯಾರೂ ಹೇಳುವುದಿಲ್ಲ.

2008ರಲ್ಲಿ ಪೇಟೆ ಕುಸಿದಾಗ ದೊಡ್ಡ ಕಂಪನಿಗಳ ಸೆನ್ಸೆಕ್ಸ್ ಆ ವರ್ಷ ಸುಮಾರು 52% ಇಳಿಯಿತು. ಸಣ್ಣ ಕಂಪನಿಗಳ ಸೂಚ್ಯಂಕ ಸುಮಾರು 72%. ನೂರು ರೂಪಾಯಿ 48 ಆದರೆ ಎರಡು ಪಟ್ಟು ಬೆಳೆದರೆ ಹೆಚ್ಚುಕಮ್ಮಿ ಹಿಂದಿನ ಜಾಗಕ್ಕೆ ಬಂತು. 28 ಆದದ್ದು ಮೂರೂವರೆ ಪಟ್ಟಿಗಿಂತ ಹೆಚ್ಚು ಬೆಳೆಯಬೇಕು. ಅಷ್ಟು ದಿನ ಕಾಯುವ ಹಣವೇ ಬೇರೆ, ಮಗಳ ಮದುವೆಯ ಹಣವೇ ಬೇರೆ.

ಇನ್ನೊಂದು ತೊಂದರೆ ಕೊಳ್ಳುವವರದು. ಸಂತೆಯಲ್ಲಿ ದನ ಹೊಡೆದುಕೊಂಡು ಹೋದ ಮೇಲೆ ಗಿರಾಕಿ ಬೇಕಲ್ಲ! ಸಣ್ಣ ಷೇರು ಬೀಳುವಾಗ ಎಷ್ಟೋ ದಿನ ಕೊಳ್ಳುವವರೇ ಇರುವುದಿಲ್ಲ. ಪರದೆಯ ಮೇಲೆ ಬೆಲೆ ಕಾಣುತ್ತದೆ, ಕೈಗೆ ದುಡ್ಡು ಬರುವುದಿಲ್ಲ. 2024ರ ಮಾರ್ಚಿನಲ್ಲಿ ಸಣ್ಣ ಷೇರುಗಳ ಫಂಡುಗಳು ತಮ್ಮ ಅರ್ಧ ಷೇರು ಮಾರಲು ಎಷ್ಟು ದಿನ ಬೇಕೆಂದು ಬಹಿರಂಗಪಡಿಸಬೇಕಾಗಿ ಬಂತು. ಒಂದು ದೊಡ್ಡ ಫಂಡು 60 ದಿನ ಅಂದಿತು. ಪಂಡಿತರಿಗೇ ಹೀಗಾದರೆ ಯೂಟ್ಯೂಬ್ ನೋಡಿ ಕೊಂಡವರ ಗತಿ ಏನು?

ಹಾಗಂತ ದೊಡ್ಡದು ಭದ್ರವಾದ ಕಣಜ ಅಂತಲೂ ತಿಳಿಯಬೇಡಿ. ಸತ್ಯಂ ಕಂಪ್ಯೂಟರ್ಸ್ ದೊಡ್ಡ ಕಂಪನಿಯೇ. 2009ರ ಜನವರಿ 7ರಂದು ಲೆಕ್ಕವೇ ಸುಳ್ಳೆಂದು ಅದರ ಅಧ್ಯಕ್ಷರು ಪತ್ರ ಬರೆದರು. ಒಂದೇ ದಿನದಲ್ಲಿ ಷೇರು ಮುಕ್ಕಾಲು ಭಾಗಕ್ಕೂ ಮಿಕ್ಕಿ ಕರಗಿತು. ಅದಕ್ಕೇ ಒಂದೇ ಕಂಪನಿ ಹಿಡಿಯುವ ಬದಲು ಹತ್ತಾರು ದೊಡ್ಡ ಕಂಪನಿಗಳು ಒಟ್ಟಿಗಿರುವ ಸೂಚ್ಯಂಕ ಫಂಡು ವಾಸಿ ಅಂತ ನಮ್ಮ ಅಭಿಪ್ರಾಯ. ಹತ್ತು ವರ್ಷ ಮುಟ್ಟದೆ ಇರಬಲ್ಲವರು ಸ್ವಲ್ಪ ಭಾಗ ಸಣ್ಣ ಕಂಪನಿಗಳ ಫಂಡಿಗೂ ಹಾಕಲಿ, ಬೇಡವೆನ್ನುವುದಿಲ್ಲ.

ಕೊನೆಯದಾಗಿ, ನಮ್ಮ ಮನಸ್ಸಿಗೆ ನಿಜವಾಗಿ ಚುಚ್ಚುತ್ತಿರುವ ವಿಷಯ. ಶೂನ್ಯ ಬಡ್ಡಿ ಬೆಳೆ ಸಾಲದ ಮಿತಿಯನ್ನು ಸರ್ಕಾರ 2023ರಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿತು. ಬಡ್ಡಿಯಿಲ್ಲದ ದುಡ್ಡು ತಾನೇ, ಷೇರಿಗೆ ಹಾಕಿ ಲಾಭ ತೆಗೆಯೋಣ ಎಂಬ ಮಾತು ಕಟ್ಟೆಯ ಮೇಲೆ ಕಿವಿಗೆ ಬಿದ್ದಿದೆ. ಆ ಸಾಲ ಬೆಳೆಗೆ ಕೊಟ್ಟದ್ದು. ಗಡುವು ದಾಟಿದರೆ ಬಡ್ಡಿ ರಿಯಾಯಿತಿ ಹೋಗುತ್ತದೆ, ಮುಂದಿನ ಹಂಗಾಮಿನ ಸಾಲವೂ ತಡೆಯುತ್ತದೆ, ಹತ್ತಿರದವರು ಹಾಕಿದ ಜಾಮೀನು ಸಹಿಯೂ ಸಿಕ್ಕಿಬೀಳುತ್ತದೆ. ಷೇರು ಪೇಟೆಗೆ ನಮ್ಮ ಗಡುವು ಗೊತ್ತಿಲ್ಲ. ಈಗಾಗಲೇ ಹಾಕಿದವರಿದ್ದರೆ ಸಂಕೋಚ ಬಿಟ್ಟು ಕಾರ್ಯದರ್ಶಿಗಳ ಹತ್ತಿರ ಮಾತಾಡಿ, ಗಡುವಿಗೆ ಇನ್ನೂ ಸಮಯ ಇರುವಾಗಲೇ. ಊಟದ ನಂತರ ನಾವೂ ಇಲ್ಲೇ ಇರುತ್ತೇವೆ.